ಹೊರಗೆ ಥಳಕು, ಒಳಗೆ ತುಕ್ಕು



ಜತ್ತಿನ ಯಲ್ಲಮ್ಮದೇವಿಯ ಜಾತ್ರೆಯ ದನದ ಪೇಟೆಯಲ್ಲಿ ಖಿಲಾರಿ ಹೋರಿ ಕೊಳ್ಳಲು ಬಂದ ನಮ್ಮ ಭಾಗದ ರೈತನನ್ನು ನೀವೆಲ್ಲ ನೋಡಿದ್ದೀರಿ. ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಕೊಂಬಿನ ಬುಡ ಮುಟ್ಟುತ್ತಾನೆ, ಸುಳಿ ಎಲ್ಲೆಲ್ಲಿವೆಯೆಂದು ಹುಡುಕುತ್ತಾನೆ, ಗೊರಸು ಎತ್ತಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ, ಹಿಂದೆ ನಿಂತು, ನಡಿಗೆಯಲ್ಲಿ ಕುಂಟಿದೆಯೇ ಎಂದು ದಿಟ್ಟಿಸುತ್ತಾನೆ. ಕೊಂಬಿಗೆ ಬಳಿದ ಬಣ್ಣಕ್ಕಾಗಲಿ, ಬೆನ್ನ ಮೇಲಿನ ಝೂಲಿಗಾಗಲಿ ಅವನು ಒಂದು ದುಡ್ಡಿನ ಬೆಲೆಯನ್ನೂ ಕಟ್ಟುವುದಿಲ್ಲ. ಅದೇ ರೈತ, ಅಥವಾ ಅವನ ಓದಿದ ಮಗ, ಹಳೆಯ ಕಾರು ಕೊಳ್ಳಹೋದಾಗ ಮಾಡುವುದೇನು? ಬಣ್ಣ ನೋಡುತ್ತಾನೆ, ಸೀಟಿನ ಹೊಸ ಕವರು ನೋಡುತ್ತಾನೆ, ಹಾರ್ನ್ ಒತ್ತಿ ನೋಡುತ್ತಾನೆ, ಮುಂಗಡ ಕೊಟ್ಟು ಬರುತ್ತಾನೆ. ಇದನ್ನು ಪರರನ್ನು ಕುರಿತು ಹೇಳುತ್ತಿಲ್ಲ. ವರ್ಷವಿಡೀ ಮಕ್ಕಳ ಪಟ್ಟಿಯಲ್ಲಿ ಕಾಗುಣಿತದ ತಪ್ಪು ಹುಡುಕುವ ನಾನೇ ಹಾಗೆ ಮಾಡಿದ್ದೇನೆ.

2021ರ ಬೇಸಿಗೆಯ ಮಾತು. ನನಗೆ ಚಿಕ್ಕಂದಿನಿಂದಲೂ ಪದ್ಮಿನಿ ಕಾರಿನ ಮೇಲೆ ಮೋಹ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಊರಿಗೆ ಬರುತ್ತಿದ್ದ ಡಾಕ್ಟರರ ಬಳಿ ಅಂಥದೊಂದಿತ್ತು. ಇಟಲಿಯ ಫಿಯೆಟ್ ಕಂಪನಿಯ 1100 ಮಾದರಿಯನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದರು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಯೂ 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತವಾಯಿತು. ಅಂಥ ಒಂದು ಕಾರು, ಕೆಂಪು ಮಿರಿಮಿರಿ ಬಣ್ಣದ್ದು, ವ್ಯಾಪಾರಿಯೊಬ್ಬರ ಬಳಿ ಇದೆಯೆಂದು ತಿಳಿಯಿತು. ಹೋದೆ, ನೋಡಿದೆ, ಮಾರುಹೋದೆ. ಅರವತ್ತು ಸಾವಿರ ರೂಪಾಯಿ. ಅದರಲ್ಲಿ ಅರ್ಧ ಸೊಸೈಟಿಯ ಸಾಲ.

ಮೂರನೆಯ ತಿಂಗಳಲ್ಲಿ ಮನೆಯವರನ್ನೆಲ್ಲ ಕೂಡಿಸಿಕೊಂಡು ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಹೊರಟೆವು. ಅವ್ವ ಹಿಂದಿನ ಸೀಟಿನಲ್ಲಿದ್ದಳು. ಸ್ವಲ್ಪ ದೂರ ಹೋದ ಮೇಲೆ, “ಏ ತಮ್ಮಾ, ನನ್ನ ಕಾಲಾಗ ಗಾಳಿ ಹೊಡಿಯಾಕತ್ತೈತೋ” ಎಂದಳು. ಕಿಟಕಿಯ ಗಾಳಿಯಿರಬೇಕೆಂದು ನಾನು ಗಮನ ಕೊಡಲಿಲ್ಲ. ಮತ್ತೆ ಸ್ವಲ್ಪ ಹೊತ್ತಿಗೆ, “ತಮ್ಮಾ, ಕೆಳಗ ರಸ್ತಾ ಕಾಣ್ತೈತಲ್ಲೋ!” ಎಂದು ಕೂಗಿದಳು. ಗಾಡಿ ನಿಲ್ಲಿಸಿ ನೋಡಿದರೆ ಅವಳ ಬಲಗಾಲಿನ ಕೆಳಗೆ ತಳದ ತಗಡು ಅಂಗೈಯಗಲ ಕಳಚಿ ಜೋತುಬಿದ್ದಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಗ್ಯಾರೇಜಿನ ಮಿಸ್ತ್ರಿ ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಬಾಗಿಲ ಕೆಳಗಿನ ಹೊಸ್ತಿಲಿನಂಥ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಬೆಣ್ಣೆಯಲ್ಲಿ ಹೋದಂತೆ ಒಳಗೆ ಹೋಯಿತು. ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಗೋಣಿತಟ್ಟು, ಅದರ ಹಿಂದೆ ಮಡಚಿ ತುರುಕಿದ ಮರಾಠಿ ಪತ್ರಿಕೆಯ ಹಾಳೆ. “ಮಾಸ್ತರ್ರೀ, ಇದನ್ನ ಗಣಪತಿ ಮಾಡಿದಂಗ ಮಾಡ್ಯಾರ ನೋಡ್ರಿ” ಎಂದ ಮಿಸ್ತ್ರಿ. ಎರಡೂ ಭಾಷೆ ಬಲ್ಲ ನಾನು ಆ ಹಾಳೆಯನ್ನು ಬಿಡಿಸಿ ತಾರೀಖು ಓದಿದೆ. ನಾನು ಕಾರು ಕೊಳ್ಳುವುದಕ್ಕೆ ಐದು ತಿಂಗಳು ಮುಂಚಿನದು. ಕಾರನ್ನು ಮಾರುವುದಕ್ಕಾಗಿಯೇ ಸಿಂಗರಿಸಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ತಳ, ಹೊಸ್ತಿಲು ಎಲ್ಲವನ್ನೂ ಕೊರೆದು ಹೊಸ ತಗಡು ಬೆಸೆಯಲು ಐವತ್ತೆರಡು ಸಾವಿರ ತಗುಲಿತು. ಅವ್ವ ಇಂದಿಗೂ ಆ ಕಾರಿನಲ್ಲಿ ಕೂಡುವಾಗ ಕಾಲು ಮಡಚಿ ಸೀಟಿನ ಮೇಲಿಟ್ಟುಕೊಳ್ಳುತ್ತಾಳೆ.

ಆ ಐವತ್ತೆರಡು ಸಾವಿರದಲ್ಲಿ ನಾನು ಕಲಿತದ್ದನ್ನು ನಿಮಗೆ ಪುಕ್ಕಟೆ ಹಂಚುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರು. ಗ್ರಂಥದಲ್ಲಿ ತುಕ್ಕು, ನಮ್ಮ ಮನೆಯ ಮಾತಿನಲ್ಲಿ ಜಂಗು, ಮರಾಠಿಯಲ್ಲಿ ಗಂಜ. ಒಮ್ಮೆ ಒಬ್ಬ ಹುಡುಗ “ಸರ್, ನಮ್ಮ ಸೈಕಲ್ಲಿಗೆ ಗಂಜ ಬಂದೈತ್ರಿ” ಎಂದಾಗ, ಸೈಕಲ್ಲಿಗೂ ಗಂಜಿಗೂ ಎಂಥ ಸಂಬಂಧವೆಂದು ನಾನು ತಬ್ಬಿಬ್ಬಾಗಿದ್ದುಂಟು. ಗಡಿಯ ಊರಿನಲ್ಲಿ ಇಂಥ ವಿನೋದಗಳು ನಿತ್ಯದ್ದು, ಇರಲಿ.

ತುಕ್ಕು ಎಂದರೇನು? ವಿಜ್ಞಾನದ ಗುರುಗಳು ಮೂರು ಪ್ರನಾಳಗಳಲ್ಲಿ ಮೊಳೆಗಳನ್ನಿಟ್ಟು ತೋರಿಸಿದ ಪ್ರಯೋಗವನ್ನು ನೆನಪಿಸಿಕೊಳ್ಳಿರಿ. ಒಂದರಲ್ಲಿ ಒಣಗಾಳಿ ಮಾತ್ರ, ಮೊಳೆ ಚೆನ್ನಾಗಿತ್ತು. ಎರಡನೆಯದರಲ್ಲಿ ಕುದಿಸಿ ಗಾಳಿ ಕಳೆದ ನೀರು, ಮೇಲೆ ಎಣ್ಣೆಯ ಪದರು, ಮೊಳೆ ಚೆನ್ನಾಗಿತ್ತು. ಮೂರನೆಯದರಲ್ಲಿ ನೀರೂ ಗಾಳಿಯೂ ಕೂಡಿದ್ದವು, ಮೊಳೆ ಕೆಂಪಾಯಿತು. ಅಂದರೆ ಕಬ್ಬಿಣ ಕೆಡಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಕಬ್ಬಿಣವು ಭೂಮಿಯಲ್ಲಿ ಶುದ್ಧ ಲೋಹವಾಗಿ ಸಿಗುವುದು ಬಲು ಅಪರೂಪ. ಆಮ್ಲಜನಕದೊಡನೆ ಕೂಡಿದ ಅದಿರಾಗಿ ಸಿಗುತ್ತದೆ. ಕುಲುಮೆಯಲ್ಲಿ ಅದನ್ನು ಬಲವಂತವಾಗಿ ಬೇರ್ಪಡಿಸುತ್ತೇವೆ. ಅವಕಾಶ ಸಿಕ್ಕೊಡನೆ ಅದು ತವರಿಗೆ ಮರಳುತ್ತದೆ.

ಇಲ್ಲಿ ಕೊಳ್ಳುವವನಿಗೆ ಉಪಯೋಗದ ಎರಡು ಸಂಗತಿಗಳಿವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಬಣ್ಣದ ಕೆಳಗೆ ತುಕ್ಕು ಹುಟ್ಟಿದರೆ ಬಣ್ಣ ಗುಳ್ಳೆ ಏಳುತ್ತದೆ. ಬೆಸೆದ ಎರಡು ತಗಡುಗಳ ನಡುವೆ ಹುಟ್ಟಿದರೆ ಅವು ಬಾಯಿ ಬಿಡುತ್ತವೆ. ಎರಡನೆಯದು, ಅಲ್ಯುಮಿನಿಯಮ್ಮಿನ ಮೇಲೆ ಮೂಡುವ ಪದರು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ತುಕ್ಕಾದರೋ ಸಡಿಲು, ರಂಧ್ರಮಯ. ತೇವವನ್ನು ಹಿಡಿದಿಟ್ಟುಕೊಂಡು ಇನ್ನೂ ಒಳಕ್ಕೆ ಕೊರೆಯುತ್ತದೆ. ತಾನಾಗಿ ನಿಲ್ಲುವ ರೋಗ ಇದಲ್ಲ. ದಿಲ್ಲಿಯ ಕಬ್ಬಿಣದ ಸ್ತಂಭ ಸುಮಾರು 1600 ವರ್ಷ ನಿಂತಿಲ್ಲವೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೈಮೇಲೆ ರಕ್ಷಣೆಯ ತೆಳು ಪದರೊಂದು ಕಟ್ಟಿಕೊಂಡಿದೆ. ಮೇಲಾಗಿ ಅದು ಭಾರಿ ಗಾತ್ರದ ಕಂಬ. ಕಾರಿನ ತಗಡಿನ ದಪ್ಪ ಒಂದು ಮಿಲಿಮೀಟರಿನ ಆಸುಪಾಸು.

ಇನ್ನು ಉಪ್ಪು. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ತುಕ್ಕು ಹಿಡಿಯುವುದು ಒಂದು ವಿದ್ಯುತ್-ರಾಸಾಯನಿಕ ಕ್ರಿಯೆಯಾದ್ದರಿಂದ ಉಪ್ಪು ಅದಕ್ಕೆ ವೇಗ ಕೊಡುತ್ತದೆ. ನಮ್ಮ ಜತ್ತ ತಾಲೂಕಿನವರು ಮೋಸಹೋಗುವುದು ಇಲ್ಲಿಯೇ. ನಮ್ಮದು ಬರದ ಸೀಮೆ. ನಮ್ಮಲ್ಲಿ ಅಂಗಳದಲ್ಲಿ ಬಿದ್ದ ನೇಗಿಲ ಕುಳವೂ ಬೇಗ ಕೆಡುವುದಿಲ್ಲ. ಆದ್ದರಿಂದ ತುಕ್ಕಿನ ಬಗ್ಗೆ ನಮಗೆ ಭಯವಿಲ್ಲ, ಅನುಭವವೂ ಇಲ್ಲ. ಆದರೆ ಇಲ್ಲಿ ಮಾರಾಟಕ್ಕೆ ಬರುವ ಹಳೆಯ ಕಾರು ಇಲ್ಲಿಯೇ ಬಾಳಿದ್ದೆಂದು ಹೇಳಿದವರಾರು? ನನ್ನ ಪದ್ಮಿನಿ ತನ್ನ ಆಯುಷ್ಯದ ಬಹುಭಾಗವನ್ನು ಸಮುದ್ರದ ಗಾಳಿಯಲ್ಲಿ, ಮುಂಬಯಿಯ ಮಳೆಯಲ್ಲಿ ಕಳೆದಿತ್ತು. ದಾಖಲೆಯಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ನಾನು ಓದಲಿಲ್ಲ!

ಆದ್ದರಿಂದ ಗಾಡಿಗಿಂತ ಮೊದಲು ಅದರ ಆರ್.ಸಿ. ಪುಸ್ತಕ ನೋಡಿರಿ. ಸಾಂಗಲಿಯ ನೋಂದಣಿ ಎಂ.ಎಚ್. 10, ವಿಜಯಪುರದ್ದು ಕೆ.ಎ. 28. ಎಂ.ಎಚ್. 01, 02, 03 ಮುಂಬಯಿಯವು. 06 ರಾಯಗಡ, 07 ಸಿಂಧುದುರ್ಗ, 08 ರತ್ನಾಗಿರಿ. ಕೆ.ಎ. 19 ಮಂಗಳೂರು, 20 ಉಡುಪಿ, 30 ಕಾರವಾರ. ಕಡಲ ತೀರದ ಗಾಡಿಯೆಲ್ಲ ಕೆಟ್ಟದ್ದೆಂದಲ್ಲ. ಅದರ ಹೊಟ್ಟೆಯನ್ನು ಎರಡು ಸಲ ನೋಡಬೇಕೆಂದು ಅರ್ಥ. ಹಾಗೆಯೇ ಮಹಾಪೂರ. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ಏರಿದ್ದಳು. 2021ರ ಜುಲೈಯಲ್ಲಿ ಮತ್ತೆ ಪೂರ ಬಂತು. ಮನೆಗಳ ಮುಂದೆ ನಿಂತ ವಾಹನಗಳು ದಿನಗಟ್ಟಲೆ ಕೆಸರುನೀರಿನಲ್ಲಿದ್ದವು. ತೊಳೆದು ಒರೆಸಿದರೆ ಮೇಲಿನ ಕೆಸರು ಹೋದೀತು. ಸೀಟಿನ ಅಡಿಯ ಬೋಲ್ಟುಗಳ ತುಕ್ಕು, ಬಾಗಿಲಿನ ಪೊಳ್ಳಿನಲ್ಲಿ ಕುಳಿತ ನಯವಾದ ರೇವೆ, ಮುಗ್ಗಲು ವಾಸನೆ ಹೋಗುವುದಿಲ್ಲ. ಸೀಟಿನ ಕೆಳಗೆ ಕೈಹಾಕಿ ಬೆರಳು ಮೂಸಿ ನೋಡುವುದಕ್ಕೆ ನಾಚಿಕೆಪಡಬೇಡಿರಿ.

ಗಾಡಿ ನೋಡಲು ಹಗಲಿನಲ್ಲಿ, ಬಿಸಿಲಿರುವಾಗ ಹೋಗಿರಿ. ಆಗತಾನೆ ತೊಳೆದ ಗಾಡಿಯನ್ನು ಒಣಗುವವರೆಗೆ ಮುಟ್ಟಬೇಡಿರಿ. ನೀರಿನ ಹೊಳಪಿನಲ್ಲಿ ಎಲ್ಲ ತಗಡೂ ಚೆಲುವೆ. ಗಾಡಿಯ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಅದರ ಪಕ್ಕೆಯ ಉದ್ದಕ್ಕೂ ಓರೆಗಣ್ಣಿನಿಂದ ನೋಡಿರಿ. ಎದುರಿನ ವಿದ್ಯುತ್ ಕಂಬದ ಪ್ರತಿಬಿಂಬ ಬಣ್ಣದಲ್ಲಿ ನೆಟ್ಟಗೆ ಕಾಣಬೇಕು. ಅದು ಹಾವಿನಂತೆ ಬಳುಕಿದರೆ ಅಲ್ಲಿ ತಗಡಿನ ಮೇಲೆ ಪುಟ್ಟಿ ಇದೆ. ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿರಿ. ಸಂತೆಯಲ್ಲಿ ಗಡಿಗೆ ಕೊಳ್ಳುವ ನಮ್ಮ ತಾಯಂದಿರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ ಮೆತ್ತಿದ ಜಾಗ ಮಂಕಾಗಿ ದಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಸಣ್ಣ ಆಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಹಚ್ಚಿರಿ. ಬಟ್ಟೆ ಬಣ್ಣಕ್ಕೆ ಗೀರು ಬೀಳದಿರಲೆಂದು. ಉಕ್ಕಿಗೆ ಅದು ಗಪ್ಪನೆ ಕಚ್ಚುತ್ತದೆ. ದಪ್ಪ ಪುಟ್ಟಿಯ ಮೇಲೆ, ಫೈಬರ್ ತೇಪೆಯ ಮೇಲೆ ನಿಲ್ಲದೆ ಜಾರುತ್ತದೆ. ಹಳೆಯ ಗಾಡಿಯಲ್ಲಿ ಒಂದೆರಡು ಕಡೆ ಅಪಘಾತದ ತಗ್ಗು ತುಂಬಿಸಿದ ಪುಟ್ಟಿ ಇರುವುದು ಸಹಜ, ಅದಕ್ಕೆ ಬೆಚ್ಚಬೇಕಿಲ್ಲ. ನಾಲ್ಕೂ ಮಡ್‌ಗಾರ್ಡುಗಳ ಅಂಚಿನಲ್ಲಿ, ಎರಡೂ ಹೊಸ್ತಿಲುಗಳ ಉದ್ದಕ್ಕೂ ಆಯಸ್ಕಾಂತ ಜಾರಿದರೆ ಮಾತ್ರ ನಮಸ್ಕಾರ ಹೇಳಿ ಎದ್ದುಬನ್ನಿರಿ.

ಆದರೆ ಇದೆಲ್ಲ ಹೊರಮೈಯ ಮಾತು. ನಿಜವಾದ ತುಕ್ಕು ಇರುವುದು ನೀರು ನಿಲ್ಲುವ ಕಡೆ, ಕಣ್ಣು ಹೋಗದ ಕಡೆ. ನೀರಿನ ದಾರಿಯನ್ನೇ ಹಿಡಿದು ಹೊರಡಿರಿ. ಮಳೆ ಬಂದಾಗ ಮುಂದಿನ ಗಾಜಿನ ಮೇಲಿಂದ ಇಳಿದ ನೀರು ಕೆಳಗಿನ ರಬ್ಬರಿನ ಸಂದಿಯಲ್ಲಿ ನಿಲ್ಲುತ್ತದೆ. ಆ ರಬ್ಬರಿನ ಅಂಚನ್ನು ಉಗುರಿನಿಂದ ತುಸು ಎತ್ತಿ ನೋಡಿರಿ. ಕಿಟಕಿಯ ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲಿನ ಹೊಟ್ಟೆಯೊಳಗೆ ಹೋಗುತ್ತದೆ. ಅದು ಹರಿದುಹೋಗಲೆಂದು ಬಾಗಿಲಿನ ಅಡಿಯಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಧೂಳು, ಎಲೆ, ಮತ್ತೆ ಮತ್ತೆ ಬಳಿದ ಬಣ್ಣ ಇವು ಆ ತೂತುಗಳನ್ನು ಮುಚ್ಚಿದರೆ ಬಾಗಿಲೇ ಒಂದು ಬಾನಿ. ಬಾಗಿಲು ತೆರೆದು ಅದರ ತಳದಂಚನ್ನು ಬೆರಳಿನಿಂದ ಸವರಿರಿ. ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರವನ್ನು ಎತ್ತಿಸಿರಿ. ಅದರ ಕೆಳಗಿನ ಗುಂಡಿ ತುಕ್ಕಿನ ತವರುಮನೆ. ಬ್ಯಾಟರಿ ಕೂಡುವ ತಟ್ಟೆಯನ್ನು ಆಮ್ಲವೂ ತಿಂದಿರುತ್ತದೆ.

ಇನ್ನು ಒಳಗೆ ಕಾಲಡಿಯ ಮ್ಯಾಟು. ನಾನು ಎತ್ತದೇ ಬಿಟ್ಟದ್ದು ಇದನ್ನೇ. ಮ್ಯಾಟಿನ ಕೆಳಗಿನ ನಮದೆಯು ಒಮ್ಮೆ ನೆನೆದರೆ ವಾರಗಟ್ಟಲೆ ಒಣಗುವುದಿಲ್ಲ, ಒದ್ದೆ ಅರಿವೆಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಂತೆ. ಮ್ಯಾಟು ಎತ್ತಲು ಮಾರುವವನು ಒಪ್ಪದಿದ್ದರೆ, ಹೊಸದಾಗಿ ಅಂಟಿಸಿದೆ ಎಂದು ನೆಪ ಹೇಳಿದರೆ, ಅದೇ ಉತ್ತರವೆಂದು ತಿಳಿಯಿರಿ.

ಆಮೇಲೆ ಗಾಡಿಯ ಕೆಳಗೆ ಹೋಗಲೇಬೇಕು. ಒಂದು ಗೋಣಿಚೀಲ ಹಾಸಿ ಮಲಗಿರಿ, ಕೈಯಲ್ಲೊಂದು ಬ್ಯಾಟರಿ ಇರಲಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ತಲೆ ಹಾಕಬೇಡಿರಿ. ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿದರೆ ಉತ್ತಮ. ಇಲ್ಲೊಂದು ಭೇದವನ್ನು ತಿಳಿದಿರಬೇಕು. ಜೀಪಿಗೆ ಕೆಳಗೆ ಚಾಸಿ ಬೇರೆ, ಮೇಲಿನ ಬಾಡಿ ಬೇರೆ. ಬಂಡಿಯ ಮೇಲೆ ಸವಾರಿ ಕಟ್ಟಿದಂತೆ. ಪದ್ಮಿನಿಗೂ ಅಂಬಾಸಡರಿಗೂ ಹಾಗಿಲ್ಲ. ಅವುಗಳಲ್ಲಿ ತಳ, ಹೊಸ್ತಿಲು, ಕಂಬ, ಮಾಳಿಗೆ ಎಲ್ಲವೂ ಒಂದೇ ಡಬ್ಬಿಯಂತೆ ಬೆಸೆದು ಭಾರ ಹೊರುತ್ತವೆ. ಜೀಪಿನ ತಳದ ತಗಡು ಕೆಟ್ಟರೆ ತೇಪೆ ಹಾಕಬಹುದು, ಅದರ ಚಾಸಿ ಕೆಟ್ಟರೆ ಪ್ರಾಣಕ್ಕೆ ಸಂಚಕಾರ. ಪದ್ಮಿನಿಯ ಹೊಸ್ತಿಲು ಕೆಟ್ಟಿತೆಂದರೆ ಬೆನ್ನುಮೂಳೆ ಕೆಟ್ಟಿತೆಂದೇ ಅರ್ಥ. ಇದಕ್ಕೊಂದು ಸುಲಭದ ಪರೀಕ್ಷೆಯುಂಟು. ಗಾಡಿಯನ್ನು ಒಂದು ಬದಿಯಲ್ಲಿ ಜಾಕಿನಿಂದ ಸ್ವಲ್ಪ ಎತ್ತಿಸಿ, ಬಾಗಿಲನ್ನು ತೆರೆದು ಹಾಕಿ ನೋಡಿರಿ. ನೆಲದ ಮೇಲಿದ್ದಾಗ ಸರಾಗವಾಗಿ ಹಾಕುತ್ತಿದ್ದ ಬಾಗಿಲು ಈಗ ಬಿಗಿಹಿಡಿದರೆ ಗಾಡಿಯ ಮೈ ಬಾಗುತ್ತಿದೆ. ಜಾಕು ಕೊಡುವ ಜಾಗವೇ ಕರಕರ ಎಂದು ಒಳಗೆ ಕುಸಿದರೆ ಮುಂದಿನ ಪರೀಕ್ಷೆಯೇ ಬೇಡ.

ಹಿಂದಿನ ಕಮಾನುಪಟ್ಟಿಗಳ ತುದಿ ಬಾಡಿಗೆ ಸೇರುವ ಜಾಗಗಳನ್ನು ತಪ್ಪದೆ ನೋಡಿರಿ. ಚಕ್ರ ಎರಚಿದ ಕೆಸರು ಅಲ್ಲಿಯೇ ಮೆತ್ತಿಕೊಳ್ಳುತ್ತದೆ, ಭಾರವೆಲ್ಲ ಅಲ್ಲಿಯೇ ಬೀಳುತ್ತದೆ. ಬ್ರೇಕಿನ ಎಣ್ಣೆ ಹೋಗುವ ಉಕ್ಕಿನ ಕೊಳವೆಗಳ ಮೇಲೆ ಬೆರಳಾಡಿಸಿರಿ. ಹಕ್ಕಳೆ ಎದ್ದಿದ್ದರೆ ಬೆಲೆ ಚೌಕಾಶಿಗಿಂತ ಮೊದಲು ಅವನ್ನು ಬದಲಿಸುವ ಮಾತಾಗಲಿ. ಮಾಲೀಕನ ಅನುಮತಿ ಕೇಳಿ ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿರಿ, ಅನುಮಾನವಿದ್ದಲ್ಲಿ ಮೊನೆಯಿಂದ ಒತ್ತಿರಿ. ಕೇಳದೆ ಚುಚ್ಚುವುದು ಸಭ್ಯತೆಯಲ್ಲ. ಒಂದು ಎಚ್ಚರಿಕೆ: ಹಳೆಯ ಗಾಡಿಯ ಹೊಟ್ಟೆಗೆ ಆಗತಾನೆ ಕರಿ ಡಾಂಬರಿನಂಥ ಬಣ್ಣ ಬಳಿದಿದ್ದರೆ ಸಂತೋಷಪಡಬೇಡಿರಿ. ತುಕ್ಕು ಕೆರೆದು ತೆಗೆದು ಬಳಿದರೆ ಅದು ಔಷಧ, ತುಕ್ಕಿನ ಮೇಲೆಯೇ ಬಳಿದರೆ ಹೆಣಕ್ಕೆ ಶೃಂಗಾರ. ಅಷ್ಟೇ ಅಲ್ಲ, ಒಳಗಿನ ತೇವ ಹೊರಗೆ ಹೋಗದಂತೆ ಅದು ತಡೆಯುತ್ತದೆ.

ಎಲ್ಲ ತುಕ್ಕೂ ಒಂದೇ ಅಲ್ಲವೆಂಬುದನ್ನೂ ಹೇಳಬೇಕು. ಒರೆಸಿದರೆ ಕೈಗೆ ಕೆಂಪು ಪುಡಿ ಹತ್ತಿ ಕೆಳಗೆ ಗಟ್ಟಿ ಲೋಹ ಕಂಡರೆ ಅದು ಮೇಲ್ಮೈಯ ತುಕ್ಕು. ತಿಕ್ಕಿ ರೆಡ್ ಆಕ್ಸೈಡ್ ಬಳಿದರೆ ಮುಗಿಯಿತು. (ಆ ರೆಡ್ ಆಕ್ಸೈಡಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ ಎಂಬುದು ನನಗೆ ಯಾವಾಗಲೂ ಸೋಜಿಗ.) ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಏಳುವುದು ಎರಡನೆಯ ಬಗೆ, ಅಲ್ಲಿ ತಗಡು ತೆಳುವಾಗಿದೆ. ಬೆಳಕು ಆಚೆಯಿಂದ ಕಾಣುವುದು ಮೂರನೆಯದು. ಅದನ್ನು ನಮ್ಮವ್ವ ನೋಡಿದಳು.

ತೀರ ಹಳೆಯ ಗಾಡಿ ಇಟ್ಟುಕೊಳ್ಳುವ ಹವ್ಯಾಸದವರಿಗೆ ಇನ್ನೊಂದು ಮಾತು. 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಸಿಗುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ತುಕ್ಕು ತಿಂದು ಬಾಡಿಯನ್ನೇ ಹೊಸದು ಮಾಡಿಸಿದವರಿಗೆ ಇಲ್ಲಿ ತೊಡಕಾದೀತು. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ತುಕ್ಕು ಅಳಿಸಿದ್ದರೆ ಸಾಮಾನ್ಯ ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳುವಾಗಲೂ ಪೇಚಾಟವಾಗುತ್ತದೆ. ಆದ್ದರಿಂದ ಆ ಸಂಖ್ಯೆಯನ್ನು ಆರ್.ಸಿ. ಪುಸ್ತಕದ ಜೊತೆ ಅಕ್ಷರ ಅಕ್ಷರವಾಗಿ ತಾಳೆ ನೋಡಿರಿ.

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಶಾಲೆಯ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಮನೆಗೆ ಬಂದ. ಅವರಪ್ಪ ಆ ಸಲದ ದ್ರಾಕ್ಷಿಯ ಹಣದಲ್ಲಿ ಹಳೆಯ ಜೀಪೊಂದನ್ನು ಕೊಳ್ಳುವವರಿದ್ದರು. “ಸರ್, ನೀವೂ ಬರ್ರಿ, ನಿಮಗ ಜಂಗಿನ ಅನುಭವ ಐತಲ್ಲರೀ” ಎಂದು ಕರೆದ. ನಗು ಬಂದರೂ ಹೋದೆ. ಹಸಿರು ಬಣ್ಣದ ಜೀಪು, ಹೊಸ ಹುಡ್ಡು, ಹೊಸ ಟೈರು. ತಂದೆಯವರು ಆಗಲೇ ಒಲಿದುಬಿಟ್ಟಿದ್ದರು. ಹುಡುಗ ವಿಜ್ಞಾನ ಪ್ರಯೋಗಾಲಯದ ಆಯಸ್ಕಾಂತವನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದ. ಬಾಡಿಗೆ ಅದು ಎಲ್ಲ ಕಡೆಯೂ ಚೆನ್ನಾಗಿಯೇ ಕಚ್ಚಿತು. ನಾನೂ ಒಳ್ಳೆಯ ಮಾಲೆಂದೇ ಬಗೆದೆ. ಹುಡುಗ ಮಾತ್ರ ಗೋಣಿಚೀಲ ಹಾಸಿ ಕೆಳಗೆ ನುಸುಳಿದ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅಪ್ಪಾ, ಇಲ್ಲಿ ಹತ್ತಾವಲ್ದು” ಎಂಬ ದನಿ ಬಂತು. ಹಿಂದಿನ ಕಮಾನುಪಟ್ಟಿ ಸೇರುವ ಜಾಗದಲ್ಲಿ ಚಾಸಿಯ ಮೇಲೆ ಗೇಣುದ್ದ ಪುಟ್ಟಿ, ಅದರ ಮೇಲೆ ಕರಿಬಣ್ಣ. ತಂದೆಯವರು ಮಾರುವವನ ಮುಖ ನೋಡಿದರು, ಅವನು ಟೈರು ನೋಡಿದ. ಮುಂಗಡಕ್ಕೆಂದು ತಂದ ಹಣ ಹಾಗೆಯೇ ಮನೆಗೆ ಮರಳಿತು.

ಆ ಆಯಸ್ಕಾಂತವನ್ನು ಹುಡುಗ ಇನ್ನೂ ಪ್ರಯೋಗಾಲಯಕ್ಕೆ ತಂದುಕೊಟ್ಟಿಲ್ಲ. ಊರಲ್ಲಿ ಯಾರು ಗಾಡಿ ಕೊಳ್ಳಹೋದರೂ ಈಗ ಅವನನ್ನೇ ಕರೆದೊಯ್ಯುತ್ತಾರಂತೆ.